ಸಹಾಯ ಬೇಕು: ಬಿಟಿ ಹಿಂಡಿಯ ಇಲಿ ಪ್ರಯೋಗ, ಗಾಸಿಪಾಲ್ ತಲೆನೋವು

ಹಾಸನದಲ್ಲಿ ವಿಸ್ಟಾರ್ ಅನ್ನೋ ತಳಿಯ ಲ್ಯಾಬ್ ಇಲಿಗಳಿಗೆ 90 ದಿನ ಬಿಟಿ ಹತ್ತಿಬೀಜದ ಹಿಂಡಿ ತಿನ್ನಿಸೋ ಪ್ರಯೋಗಕ್ಕೆ ತಯಾರಿ ನಡೀತಿದೆ. ಗುಂಪಿಗೆ 10 ಗಂಡು, 10 ಹೆಣ್ಣು. ಹೋಲಿಕೆಗೆ ಅದೇ ತಳಿಯ ಬಿಟಿ ಅಲ್ಲದ ಬೀಜ ತರಿಸಿ ಹಿಂಡಿ ಮಾಡಿಸಿದ್ದೀವಿ. ಅಂಗಡಿ ಹಿಂಡೀಲಿ ಯಾವ ಬೀಜ ಬೆರೆತಿರುತ್ತೋ ದೇವರೇ ಬಲ್ಲ. ಪ್ರೋಟೀನ್, ನಾರು, ಶಕ್ತಿ ಎರಡರಲ್ಲೂ ಸರಿಹೊಂದಿಸಾಯ್ತು.

ತೊಡಕು ಇಲ್ಲಿ: ಬಿಟಿ ಹಿಂಡೀಲಿ ಮುಕ್ತ ಗಾಸಿಪಾಲ್ (ಹತ್ತಿಬೀಜದಲ್ಲಿ ಸಹಜವಾಗೇ ಇರೋ ವಿಷ, ಪ್ರೋಟೀನಿಗೆ ಅಂಟದೆ ಉಳಿದದ್ದು) ಜಾಸ್ತಿ ಬಂದಿದೆ. ತೂಕ ಇಳಿಸೋಕೆ, ಗಂಡಿಲಿಯ ವೀರ್ಯಾಣು ಕುಗ್ಗಿಸೋಕೆ ಅದೊಂದೇ ಸಾಕು. ಆಮೇಲೆ ತಪ್ಪೆಲ್ಲ ಕ್ರೈ ಪ್ರೋಟೀನ್ (ಬಿಟಿ ಹತ್ತಿಗೆ ಸೇರಿಸಿದ ಜೀನ್‌ನಿಂದ ಬರೋ, ಕೀಟ ಕೊಲ್ಲೋ ಪ್ರೋಟೀನ್) ತಲೆಗೆ. ಹಬೆಯಲ್ಲಿ ಬೇಯಿಸಿದ್ರೆ ಗಾಸಿಪಾಲ್ ಇಳೀತು, ಆದ್ರೆ ಎಲೈಸಾದಲ್ಲಿ (ಪ್ರೋಟೀನ್ ಅಳೆಯೋ ಪರೀಕ್ಷೆ) ಕ್ರೈ ಪ್ರೋಟೀನೂ ಮಾಯ. ಗಾಸಿಪಾಲ್ ಕಟ್ಟಿಹಾಕೋಕೆ ಫೆರಸ್ ಸಲ್ಫೇಟ್ ಅನ್ನೋ ಕಬ್ಬಿಣದ ಲವಣ ಹಾಕಿದ್ರೆ ಕಬ್ಬಿಣ ಏರಿ ರಕ್ತಪರೀಕ್ಷೆ ಅಂಕಿಗಳೇ ಗಡಿಬಿಡಿ.

ಬಿಟಿ ಅಲ್ಲದ ಆಹಾರಕ್ಕೆ ಶುದ್ಧ ಗಾಸಿಪಾಲ್ ಬೆರೆಸಿ ಸಮ ಮಾಡೋದು ಸರಿನಾ, ಇಲ್ಲಾ ಅದಕ್ಕೇ ಮೂರನೇ ಗುಂಪು ಇಡಬೇಕಾ? ಮಾಡಿದವರು ತಿಳಿಸಿ.