ಸಹಾಯ ಬೇಕು: 'ಕನ್ಸರ್ವೇಟಿವ್' ಅನ್ನು ಕನ್ನಡದಲ್ಲಿ ಹೇಗೆ ಹೇಳ್ತೀರಿ?

ನಮಸ್ಕಾರ. ಅನುವಾದ ಮಾಡುವಾಗ ಈ ಒಂದು ಪದ ಜಾಸ್ತಿ ಕಾಡುತ್ತಿದೆ. ಬ್ರಿಟನ್ನಿನ ಪಕ್ಷದ ಹೆಸರಾದರೆ ಹಾಗೇ ಬಿಡಬಹುದು. ಆ ಪಕ್ಷದ ನಾಯಕ ರಾಬರ್ಟ್ ಪೀಲ್ 1834ರ ಟ್ಯಾಮ್‌ವರ್ತ್ ಪ್ರಣಾಳಿಕೆಯಲ್ಲಿ ಅಗತ್ಯ ಸುಧಾರಣೆಗಳನ್ನು ಒಪ್ಪಿದ್ದರು. ಅಂಥವರನ್ನು 'ಮಡಿವಂತರು' ಅನ್ನೋಕಾಗಲ್ಲ, ಅಲ್ವಾ?

ನಿಜವಾದ ತಲೆನೋವು ವೈದ್ಯಕೀಯ ಲೇಖನದ್ದು. ಬೆನ್ನುನೋವಿಗೆ 'ಕನ್ಸರ್ವೇಟಿವ್ ಟ್ರೀಟ್‌ಮೆಂಟ್' ಅಂದರೆ ಆಪರೇಷನ್ ಮಾಡದೆ ಮಾತ್ರೆ, ವ್ಯಾಯಾಮ, ಫಿಸಿಯೋಥೆರಪಿಯಲ್ಲೇ ನೋಡುವುದು. ನಾನು ಸುಮ್ನೆ 'ಸಾಂಪ್ರದಾಯಿಕ ಚಿಕಿತ್ಸೆ' ಅಂತ ಬರೆದುಬಿಟ್ಟೆ. ಓದಿದ ಅಮ್ಮ, "ಕಷಾಯ ಕೊಡ್ತಾರಾ?" ಅಂದರು!

'ಕನ್ಸರ್ವೇಟಿವ್ ಎಸ್ಟಿಮೇಟ್'ಗೆ 'ಕಡಿಮೆ ಅಂದರೂ ಇಷ್ಟು' ಅಂತ ಹಾಕಿದ್ದೇನೆ, ನಡೆಯುತ್ತಾ? ಚಿಕಿತ್ಸೆಗೆ 'ಶಸ್ತ್ರಚಿಕಿತ್ಸೆಯಿಲ್ಲದ' ಅನ್ನುವುದಕ್ಕಿಂತ ಚಿಕ್ಕ ಪದ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾಳೆ ಸಂಜೆಯೊಳಗೆ ಲೇಖನ ಕೊಡಬೇಕು.