ಕಪ್ಪು ಸಾರಿನ ಬೀಜ ತಿನ್ನಬಹುದಾ?

ಕಾರವಾರದ ಹುಡುಗಿ: ತಮ್ಮ ಹಡಗಿನ ಕೆಲಸದಲ್ಲಿದ್ದಾನೆ. ಜಾವಾದ ಸುರಬಾಯಾ ಪೇಟೆಯಿಂದ ಕ್ಲುವೆಕ್ ಅನ್ನೋ ಬೀಜ ತಂದಿದ್ದಾನೆ. ಅಲ್ಲಿ ಇದನ್ನು ಅರೆದು ರಾವೊನ್ ಅಂತ ಕಪ್ಪು ಮಾಂಸದ ಸಾರು ಮಾಡ್ತಾರಂತೆ. ಆದರೆ ಮರದಿಂದ ಬಿದ್ದ ಹಸಿ ಬೀಜ ವಿಷವಂತೆ. ಆಯಿ ಅಡುಗೆಮನೆಗೇ ಬಿಡ್ತಾ ಇಲ್ಲ. ಯಾರಿಗಾದರೂ ಗೊತ್ತಾ?

ಶಿರಸಿ ಭಾವ: ಒಡೆದು ನೋಡು ತಂಗಿ. ಹಸಿ ತಿರುಳು ಬೆಳ್ಳಗಿರುತ್ತದೆ, ಅದರಲ್ಲಿ ಸಯನೈಡ್ ಬಿಡುವ ಅಂಶ ಇದೆ. ಅಲ್ಲಿಯವರು ಬೀಜ ಬೇಯಿಸಿ, ಬೂದಿ, ಬಾಳೆಎಲೆ, ಮಣ್ಣಿನ ನಡುವೆ ಸುಮಾರು 40 ದಿನ ಹೂತಿಡುತ್ತಾರೆ. ವಿಷ ಸ್ವಲ್ಪ ನೀರಿಗೆ ಬಿಡುತ್ತದೆ, ಸ್ವಲ್ಪ ಆವಿಯಾಗುತ್ತದೆ. ತಿರುಳು ಕಪ್ಪಾಗಿ, ಜಿಡ್ಡು ಜಿಡ್ಡಾಗಿ, ಹುಣಸೆಹಣ್ಣಿನ ಹಾಗೆ ಮೆತ್ತಗಾಗುತ್ತದೆ. ಅಡುಗೆಗೆ ಪೇಟೆಯಲ್ಲಿ ಮಾರೋದು ಹೀಗೆ ಹದ ಮಾಡಿದ್ದನ್ನೇ. ಬೆಳ್ಳಗಿದ್ದರೆ, ಕಹಿ ಇದ್ದರೆ ಎಸೆದುಬಿಡು. ಆಯಿ ಹೆದರಿದ್ದು ಸರಿಯೇ ಇದೆ ಬಿಡು.

ಯಲ್ಲಾಪುರದವ: ಇದೇ ಕುಟುಂಬದ ಮರ ನಮ್ಮ ಹಳ್ಳದ ದಂಡೆಯಲ್ಲೂ ಇದೆಯಲ್ಲ, ಗರುಡಫಲ. ಅದನ್ನೂ ಹೂತಿಟ್ಟರೆ?

ಶಿರಸಿ ಭಾವ: ಮಾರಾಯಾ, ಸುಮ್ನಿರು! ಅದರ ಎಣ್ಣೆ ಹಿಂದೆ ಕುಷ್ಠಕ್ಕೆ ಮದ್ದಾಗಿತ್ತು, ಅಷ್ಟೇ. ಅಲ್ಲಿಯ ಪದ್ಧತಿ ಅಲ್ಲಿಯ ಬೀಜಕ್ಕೆ.

ಕಾರವಾರದ ಹುಡುಗಿ: ಒಡೆದೆ. ಮೂರು ಕಪ್ಪು, ಒಂದು ಬೆಳ್ಳಗಿದೆ. ಆಯಿ ನಾಲ್ಕನ್ನೂ ಎಸೆದಳು.