ಅಪ್‌ಡೇಟ್: ಮುಳುಗಿದ ಎಕ್ಸ್‌ಚೇಂಜ್‌ನಿಂದ ವಾಪಸ್ ಬರುವುದು ಕಾಯಿನ್ನಾ, ದುಡ್ಡಾ?

ತಮ್ಮನ ಬಿಟ್‌ಕಾಯಿನ್ ದಿವಾಳಿಯಾದ ಒಂದು ವಿದೇಶಿ ಎಕ್ಸ್‌ಚೇಂಜ್‌ನಲ್ಲಿ (ಬಿಟ್‌ಕಾಯಿನ್ ಕೊಂಡು, ಮಾರಿ, ಇಟ್ಟುಕೊಳ್ಳುವ ಆನ್‌ಲೈನ್ ತಾಣ) ಸಿಕ್ಕಿಕೊಂಡಿದೆ, ಏನು ವಾಪಸ್ ಬರಬಹುದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಎರಡೂ ಆಗಬಹುದು. ಬಾಕಿ ಹೇಗೆ ತೀರಿಸುತ್ತಾರೆ ಅಂತ ಕೋರ್ಟ್ ಒಪ್ಪುವ ಪ್ಲಾನ್‌ನಲ್ಲಿ ಏನಿದೆ ಅನ್ನುವುದೇ ಮುಖ್ಯ. ಉದಾಹರಣೆಗೆ, ಎಫ್‌ಟಿಎಕ್ಸ್ ಅನ್ನುವ ಎಕ್ಸ್‌ಚೇಂಜ್ 2022ರ ನವೆಂಬರ್ 11ರಂದು ಅಮೆರಿಕದ ಡೆಲಾವೇರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಗ್ರಾಹಕರ ಬಾಕಿಯನ್ನು ಆ ದಿನದ ಬೆಲೆಗೇ ಲೆಕ್ಕ ಹಾಕಿದರು. ಒಂದು ಬಿಟ್‌ಕಾಯಿನ್‌ಗೆ ಸುಮಾರು 16,800 ಡಾಲರ್. 2025ರ ಫೆಬ್ರವರಿಯಲ್ಲಿ ಸಣ್ಣ ಮೊತ್ತದವರಿಗೆ ಬಡ್ಡಿ ಸೇರಿ ಆ ಬಾಕಿಯ ಸುಮಾರು 119% ಕೊಡಲು ಶುರು ಮಾಡಿದರು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅಷ್ಟರಲ್ಲಿ ಬಿಟ್‌ಕಾಯಿನ್ 90,000 ಡಾಲರ್ ದಾಟಿತ್ತು. ಆ ಏರಿಕೆ ಗ್ರಾಹಕರಿಗೇ ಸೇರಬೇಕಿತ್ತು. ಅದನ್ನು ಕೊಡದಿರುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಬಿದ್ದದ್ದು 2014ರಲ್ಲಿ. ಅಲ್ಲಿ 2024ರ ಜುಲೈನಿಂದ ಬಿಟ್‌ಕಾಯಿನ್ ರೂಪದಲ್ಲೇ ಕೊಡತೊಡಗಿದರು. ಸಿಕ್ಕಿದ್ದು ಕಳೆದುಕೊಂಡದ್ದರ ಒಂದು ಪಾಲು ಮಾತ್ರ. ಆದರೂ ಬೆಲೆ ಏರಿದ್ದರಿಂದ ಹಾಕಿದ್ದಕ್ಕಿಂತ ಜಾಸ್ತಿ ಬಂದವರಿದ್ದಾರೆ.

ನನ್ನ ತಮ್ಮ ಗಡುವಿನೊಳಗೇ ಕ್ಲೇಮ್ (ಬಾಕಿ ಕೇಳುವ ಅರ್ಜಿ) ಸಲ್ಲಿಸಿದ್ದಾನೆ. ಹಳೆಯ ಸ್ಟೇಟ್‌ಮೆಂಟ್, ಡೆಪಾಸಿಟ್ ಮಾಡಿದ ಇಮೇಲ್‌ಗಳು ಎಲ್ಲ ಜೋಡಿಸಿಟ್ಟಿದ್ದಾನೆ. ‘ಫೀಸ್ ಕೊಡಿ, ಬೇಗ ಬಿಡಿಸಿಕೊಡ್ತೀವಿ’ ಅನ್ನುವ ಕರೆಗಳು ಬರುತ್ತಿವೆ, ಅವಕ್ಕೆ ಸೊಪ್ಪು ಹಾಕುತ್ತಿಲ್ಲ. ಇನ್ನು ಪ್ಲಾನ್ ಮೇಲೆ ವೋಟ್ ಹಾಕುವುದು ಬಾಕಿ.